ಸೇಗರ್ಸ್‌ನ ಬಣ್ಣದ ಎಚ್ಚಿಂಗ್‌ಗಳು: ರೈಕ್ಸ್‌ಮ್ಯೂಸಿಯಂ ಆನ್‌ಲೈನ್ ಸಂಗ್ರಹ ಹೇಗಿದೆ?

ಹರ್ಕ್ಯುಲಿಸ್ ಸೇಗರ್ಸ್ 17ನೇ ಶತಮಾನದ ಡಚ್ ಕಲಾವಿದ. ಲೋಹದ ತಟ್ಟೆಯಲ್ಲಿ ಗೆರೆಗಳನ್ನು ಆಸಿಡ್‌ನಿಂದ ಕೊರೆದು, ಶಾಯಿ ತುಂಬಿ ಕಾಗದಕ್ಕೋ ಬಟ್ಟೆಗೋ ಒತ್ತುವುದೇ ಎಚ್ಚಿಂಗ್. ಅಂಥ ಸುಮಾರು 54 ತಟ್ಟೆಗಳಿಂದ ಆತ ತೆಗೆದ ಪ್ರತಿಗಳಲ್ಲಿ ಇವತ್ತು ಉಳಿದಿರುವುದು 180ರ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನದು. ಬೆಳಕಿಗೆ ಕಾಗದ ಮಾಸುವುದರಿಂದ ಇವನ್ನು ಸದಾ ಗೋಡೆಗೆ ತೂಗುಹಾಕುವುದಿಲ್ಲ. ಅಲ್ಲಿಗೇ ಹೋದರೂ ನೋಡಲು ಸಿಕ್ಕೇ ಸಿಗುತ್ತವೆ ಎನ್ನುವಂತಿಲ್ಲ. ಜಾಲತಾಣದಲ್ಲಾದರೆ ಸಿಗುತ್ತವೆ, ಅದೂ ಪುಕ್ಕಟೆ, ಕಾಪಿರೈಟ್ ತಕರಾರಿಲ್ಲದೆ.

ಇಲ್ಲಿಯ ನಿಜವಾದ ಲಾಭ ಒಂದೇ ತಟ್ಟೆಯ ಬೇರೆ ಬೇರೆ ಪ್ರತಿಗಳನ್ನು ಪಕ್ಕಪಕ್ಕದಲ್ಲಿ ತೆರೆಯಬಹುದು ಅನ್ನುವುದು. ಪ್ರತಿಯೊಂದಕ್ಕೂ ‘ಆರ್‌ಪಿ-ಪಿ-ಓಬಿ’ಯಿಂದ ಶುರುವಾಗುವ ಬೇರೆ ದಾಖಲೆ ಸಂಖ್ಯೆ ಇರುತ್ತದೆ. ರೈನ್ಸ್‌ಬರ್ಗ್ ಮಠದ ಅವಶೇಷಗಳಿಂದ ಆರಂಭಿಸಿ. ಕಪ್ಪು ಬಳಿದ ಹಿನ್ನೆಲೆಯ ಮೇಲೆ ತೆಳು ಹಳದಿ ಶಾಯಿಯಲ್ಲಿ ಇಟ್ಟಿಗೆ ಇಟ್ಟಿಗೆಯೂ ಹೊಳೆಯುತ್ತದೆ. ಬಣ್ಣಕ್ಕೊಂದು ತಟ್ಟೆ ಇಟ್ಟಿರಬೇಕು ಎಂದುಕೊಳ್ಳುವವರು ಬಹಳ. ಹಾಗಲ್ಲ: ತಟ್ಟೆ ಒಂದು, ಶಾಯಿ ಒಂದು. ಮಿಕ್ಕ ಬಣ್ಣವೆಲ್ಲ ಮೊದಲೇ ಬಳಿದ ಕಾಗದದ್ದು ಅಥವಾ ಬಟ್ಟೆಯದ್ದು, ಇಲ್ಲವೇ ಮುದ್ರಿಸಿದ ಮೇಲೆ ಕುಂಚದಲ್ಲಿ ಹಚ್ಚಿದ್ದು.

‘ಪಾಚಿ ಹಿಡಿದ ಮರ’ ತೆರೆದಾಗ ಪೂರ್ತಿ ಜೂಮ್ ಮಾಡಿ. ಇದರ ಒಂದೇ ಒಂದು ಪ್ರತಿ ಉಳಿದಿದೆ, ಅಳತೆ ಸುಮಾರು 17 × 10 ಸೆಂ.ಮೀ. ಗೆರೆಗಳು ಸೂಜಿಯಲ್ಲಿ ಗೀರಿದಂತಿಲ್ಲ, ಕುಂಚದಲ್ಲಿ ಎಳೆದಂತೆ ದಪ್ಪ, ಅಂಚು ಒಡ್ಡೊಡ್ಡು. ಇದಕ್ಕೆ ಕಾರಣ ಶುಗರ್ ಲಿಫ್ಟ್ ಎಂಬ ವಿಧಾನ: ಸಕ್ಕರೆ ಬೆರೆತ ದ್ರವದಲ್ಲಿ ತಟ್ಟೆಯ ಮೇಲೆ ಬರೆದು, ಮೇಲೆ ಗ್ರೌಂಡ್ (ಆಸಿಡ್ ತಡೆಯುವ ಲೇಪ) ಹಚ್ಚಿ, ನೀರಿನಲ್ಲಿ ನೆನೆಸಿದರೆ ಸಕ್ಕರೆ ಉಬ್ಬಿ ಅಷ್ಟು ಭಾಗದ ಗ್ರೌಂಡ್ ಎದ್ದುಬರುತ್ತದೆ; ಆಸಿಡ್ ಅಲ್ಲಿ ಮಾತ್ರ ಕಚ್ಚುತ್ತದೆ. ಗ್ರೌಂಡ್ ದಪ್ಪವಾದರೆ ನೀರು ಒಳಗಿಳಿಯದೆ ಗೆರೆ ತುಂಡಾಗುತ್ತದೆ. ಶುಗರ್ ಲಿಫ್ಟ್ ಮಾಡುವ ವಿದ್ಯಾರ್ಥಿಗಳಿಗೆ ಈ ಒಂದು ಚಿತ್ರವೇ ಸಾಕಷ್ಟು ಪಾಠ.

ಹುಡುಕುವಾಗ ಒಂದು ಎಚ್ಚರ. ಹೆಸರಿಗೆ ಮೊದಲು ‘ನಾರ್’ ಎಂಬ ಡಚ್ ಪದ ಇದ್ದರೆ ಅದು ಸೇಗರ್ಸ್‌ನ ಕೈಯದ್ದಲ್ಲ, ಅವನದನ್ನು ನೋಡಿ ಬೇರೆಯವರು ಮಾಡಿದ್ದು. ಹಾಗೆಯೇ ರೆಂಬ್ರಾಂಟ್‌ನ ‘ಈಜಿಪ್ಟಿಗೆ ಪಲಾಯನ’ವನ್ನೂ ತೆರೆದು ನೋಡಿ. 1653ರ ಸುಮಾರಿಗೆ ಆತ ಸೇಗರ್ಸ್‌ನ ಟೊಬಿಯಾಸ್ ಮತ್ತು ದೇವದೂತನ ತಟ್ಟೆಯನ್ನೇ ಉಜ್ಜಿ ತಿದ್ದಿದ. ದೇವದೂತನ ರೆಕ್ಕೆಯ ಗುರುತು ಬಲಗಡೆಯ ಮರಗಳ ನಡುವೆ ಇನ್ನೂ ಉಳಿದಿದೆ.

ಕೊರತೆ ಇಲ್ಲವೆಂದಲ್ಲ. ಮುಂದಿನಿಂದ ತೆಗೆದ ಫೋಟೋದಲ್ಲಿ ಶಾಯಿಯ ಉಬ್ಬು, ತಟ್ಟೆ ಒತ್ತಿದ ತಗ್ಗು, ಬಟ್ಟೆಯ ನೇಯ್ಗೆ ಅರ್ಧಂಬರ್ಧ ಕಾಣುತ್ತವೆ. ಮೊಬೈಲಿನ ನೈಟ್ ಮೋಡ್ ಆನ್ ಇದ್ದರಂತೂ ಗುಲಾಬಿ ಹಿನ್ನೆಲೆ ಕೇಸರಿಗೆ ತಿರುಗುತ್ತದೆ, ಮೊದಲು ಅದನ್ನು ಆರಿಸಿ. ಪ್ರಿಂಟ್ ತೆಗೆಯುವವರು ‘ಫಿಟ್ ಟು ಪೇಜ್’ ಬಿಟ್ಟು ಜಾಲತಾಣದ ಪುಟದಲ್ಲಿ ಕೊಟ್ಟಿರುವ ಅಳತೆಯನ್ನೇ ಹಾಕಿ: 300 ಡಿಪಿಐನಲ್ಲಿ 17 ಸೆಂ.ಮೀ. ಎತ್ತರಕ್ಕೆ ಸುಮಾರು 2,000 ಪಿಕ್ಸೆಲ್ ಸಾಕು. ಆಟೋ ಕರೆಕ್ಷನ್ ಒತ್ತಲೇಬೇಡಿ. ಬಣ್ಣ ಬಳಿದ ಕಾಗದವನ್ನು ಸಾಫ್ಟ್‌ವೇರ್ ಕೊಳೆ ಎಂದುಕೊಂಡು ಬೆಳ್ಳಗೆ ಮಾಡಿಬಿಡುತ್ತದೆ. ಗ್ಲಾಸಿ ಪೇಪರ್ ಬದಲು ಮ್ಯಾಟ್ ಹಾಕಿದರೆ ಮೂಲಕ್ಕೆ ಹತ್ತಿರ ಬರುತ್ತದೆ.