ಮನಿಲಾದಲ್ಲಿ ಬೇಳೆ ಕೊಳ್ಳುವವರು ಸ್ಟಿಕ್ಕರ್ ಕೆರೆದು ನೋಡಿ

ಫಿಲಿಪ್ಪೀನ್ಸ್‌ಗೆ ಕೆಲಸಕ್ಕೆ ಬರುವವರು, ಇಲ್ಲಿಯ ದವಾವೊ ನಗರಕ್ಕೆ ಮಕ್ಕಳನ್ನು ಮೆಡಿಕಲ್ ಓದೋಕೆ ಕಳಿಸುತ್ತಿರುವವರು ಇದನ್ನೊಮ್ಮೆ ಓದಿ. ನಾನು ಆರೂವರೆ ಸಾವಿರ ಪೆಸೊ ಕಸದ ಬುಟ್ಟಿಗೆ ಹಾಕಿದ ಕಥೆ ಇದು. ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 10 ಸಾವಿರ ರೂಪಾಯಿ.

ನಾವು ಮನಿಲಾಕ್ಕೆ ಬಂದಿದ್ದು 2022ರ ನವೆಂಬರ್‌ನಲ್ಲಿ. ನಮ್ಮ ಯಜಮಾನ್ರಿಗೆ ಮನಿಲಾಕ್ಕೆ ಅಂಟಿಕೊಂಡ ಮಕಾಟಿಯಲ್ಲಿ ಕೆಲಸ. ಬಂದು ತಿಂಗಳಾಗಿತ್ತೋ ಇಲ್ಲವೋ, ಈರುಳ್ಳಿ ಬೆಲೆ ಆಕಾಶಕ್ಕೆ ಹೋಯಿತು. ವರ್ಷದ ಕೊನೆಗೆ ಕೆಂಪು ಈರುಳ್ಳಿ ಕಿಲೋಗೆ 600, 700 ಪೆಸೊ. ಮಾಂಸಕ್ಕಿಂತ ಜಾಸ್ತಿ! ಜನವರಿಯಲ್ಲಿ ವಿಮಾನದ ಸಿಬ್ಬಂದಿ ಹೊರದೇಶದಿಂದ ಬ್ಯಾಗಿನಲ್ಲಿ ಈರುಳ್ಳಿ ತಂದು ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರು. ಊರಲ್ಲಿ ಮೂಟೆಗಟ್ಟಲೆ ತಂದು ಹಾಕಿಕೊಳ್ಳುತ್ತಿದ್ದ ನಾನು ಇಲ್ಲಿ ಮೂರೇ ಮೂರು ಈರುಳ್ಳಿ ತೂಕಕ್ಕಿಟ್ಟು, ಬೆಲೆ ನೋಡಿ, ಒಂದನ್ನು ವಾಪಸ್ ಇಟ್ಟೆ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ "ಸುಮ್ನೆ ಏನೇನೋ ಹೇಳಬೇಡ" ಅಂದರು.

ಆ ಹೆದರಿಕೆಯೇ ನನ್ನನ್ನು ಹಾಳು ಮಾಡಿದ್ದು. ಇವತ್ತು ಈರುಳ್ಳಿ, ನಾಳೆ ಬೇಳೆ ಅನ್ನೋ ಲೆಕ್ಕ ತಲೆಯಲ್ಲಿ ಕೂತಿತು. ತೊಗರಿಬೇಳೆ ಇಲ್ಲಿನ ಮಾಮೂಲಿ ಅಂಗಡಿಗಳಲ್ಲಿ ಸಿಗೋದಿಲ್ಲ. ಇಲ್ಲಿಯವರು ತಿನ್ನೋದು ಹೆಸರುಕಾಳು, ಅದಕ್ಕೆ 'ಮೊಂಗೊ' ಅಂತಾರೆ. ತೊಗರಿ, ರವೆ, ಗೋಧಿ ಹಿಟ್ಟು ಬೇಕಂದ್ರೆ ಭಾರತದ ಸಾಮಾನು ಮಾರುವ ಅಂಗಡಿಗೇ ಹೋಗಬೇಕು. ಅಂಥ ಒಂದು ಅಂಗಡಿಯಲ್ಲಿ ಫೆಬ್ರವರಿಯಲ್ಲಿ ಡಿಸ್ಕೌಂಟ್ ಹಾಕಿದ್ದರು. ಹೆಸರು ಬೇಡ ಬಿಡಿ. 20 ಕಿಲೋ ತೊಗರಿಬೇಳೆ, 10 ಕಿಲೋ ಗೋಧಿ ಹಿಟ್ಟು, ಜೊತೆಗೆ ಬನ್ಸಿ ರವೆ, ಉದ್ದಿನಬೇಳೆ, ಸಾರಿನ ಪುಡಿ. ಟ್ಯಾಕ್ಸಿ ಡಿಕ್ಕಿ ತುಂಬಿತ್ತು. ಆರು ತಿಂಗಳು ನಿಶ್ಚಿಂತೆ ಅಂದುಕೊಂಡು ಬಂದೆ.

ಎರಡನೇ ವಾರ ರವೆ ಪ್ಯಾಕೆಟ್ ಒಡೆದರೆ ಒಳಗೆ ಬಲೆ ಕಟ್ಟಿದೆ. ಚಮಚ ಹಾಕಿ ಎತ್ತಿದರೆ ರವೆ ಉದುರೋದಿಲ್ಲ, ದಾರಕ್ಕೆ ಪೋಣಿಸಿದ ಹಾಗೆ ನೇತಾಡುತ್ತದೆ. ಹಿಟ್ಟು ಮುಗ್ಗಲು ವಾಸನೆ. ಬೇಳೆ ನೋಡೋಕೆ ಚೆನ್ನಾಗಿತ್ತು, ಆದರೆ ಕುಕ್ಕರ್ ಎಂಟು ಸಲ ಕೂಗಿದರೂ ಬೇಯಲಿಲ್ಲ. ನೀರು ಒಂದು ಕಡೆ, ಬೇಳೆ ಒಂದು ಕಡೆ. ಮೊದಲು ಇಲ್ಲಿನ ಹವೆಯನ್ನೇ ಬೈದೆ. ಈ ಸೆಕೆ, ಈ ತೇವದಲ್ಲಿ ಹುಳ ಬೇಗ ಬೀಳೋದು ನಿಜ. ಆದರೆ ಎರಡೇ ವಾರದಲ್ಲಿ ಹೀಗಾಗುತ್ತಾ?

ಆಗ ಪ್ಯಾಕೆಟ್ ತಿರುಗಿಸಿ ನೋಡಿದೆ. ಹಿಂದೆ ಬಿಳಿ ಸ್ಟಿಕ್ಕರ್, ಆಮದು ಮಾಡಿದವರದ್ದು, ಅದರಲ್ಲಿ ಹೊಸ ತಾರೀಖು. ಸ್ಟಿಕ್ಕರ್ ಇರೋದು ತಪ್ಪಲ್ಲ, ಹೊರಗಿನಿಂದ ಬರೋ ಸಾಮಾನಿಗೆ ಸಾಮಾನ್ಯವಾಗಿ ಇರುತ್ತೆ. ಆದರೆ ಇದನ್ನು ಸರಿಯಾಗಿ ನಮ್ಮಲ್ಲಿ ಪ್ಯಾಕ್ ಮಾಡಿದ ದಿನ ಅಚ್ಚು ಹಾಕಿದ ಜಾಗದ ಮೇಲೇ ಅಂಟಿಸಿದ್ದರು. ಉಗುರಿನಿಂದ ಬಿಡಿಸಲು ಹೋದರೆ ಹರಿಯಿತು. ಹೇರ್ ಡ್ರೈಯರ್ ಬಿಸಿ ತಾಗಿಸಿ ನಿಧಾನಕ್ಕೆ ಎತ್ತಿದೆ. ಪ್ಯಾಕ್ ಆಗಿದ್ದು 2021ರ ಜೂನ್. "ಪ್ಯಾಕ್ ಮಾಡಿದ ದಿನದಿಂದ 6 ತಿಂಗಳು" ಅಂತ ಕೆಳಗೇ ಬರೆದಿತ್ತು. ಸ್ಟಿಕ್ಕರ್ ಪ್ರಕಾರ ಅದು 2023ರ ಆಗಸ್ಟ್‌ವರೆಗೂ ತಾಜಾ!

ಇನ್ನೊಂದು ಗೊಂದಲ ಇದೆ. ಇಲ್ಲಿ ಅಮೆರಿಕದವರ ಹಾಗೆ ತಿಂಗಳು ಮೊದಲು, ದಿನ ಆಮೇಲೆ ಬರೆಯುತ್ತಾರೆ. 04/10/23 ಅಂದರೆ ಇಲ್ಲಿ ಏಪ್ರಿಲ್ 10, ನಮಗೆ ಅಕ್ಟೋಬರ್ 4. ನಮ್ಮ ದೇಶದ ಪ್ಯಾಕೆಟ್ ಮೇಲೆ ಇಲ್ಲಿಯ ಸ್ಟಿಕ್ಕರ್ ಇದ್ದರೆ ಯಾವ ತಾರೀಖನ್ನು ಹೇಗೆ ಓದಬೇಕು ಅಂತ ನಿಂತು ಯೋಚಿಸಿ.

ವಾಪಸ್ ಕೊಡೋಕೆ ಹೋದೆ. ಗಲ್ಲಾದಲ್ಲಿದ್ದ ಹುಡುಗಿ ಪಾಪ, ನಗುನಗುತ್ತಾ "ಸಾರಿ ಪೋ, ಮ್ಯಾಮ್" ('ಪೋ' ಅಂದರೆ ಇಲ್ಲಿ ಮರ್ಯಾದೆಯ ಮಾತು) ಅಂದು ಗೋಡೆಯ ಬೋರ್ಡ್ ತೋರಿಸಿದಳು. 'ನೋ ರಿಟರ್ನ್, ನೋ ಎಕ್ಸ್‌ಚೇಂಜ್'. ನಾನು ತೆಪ್ಪಗೆ ಬಂದುಬಿಟ್ಟೆ. ಆಮೇಲೆ ಪಕ್ಕದ ಮನೆಯ ಫಿಲಿಪ್ಪಿನೋ ಅಕ್ಕ ಹೇಳಿದ ಮೇಲೆ ಗೊತ್ತಾಯಿತು, ಆ ಬೋರ್ಡ್ ಹಾಕೋದೇ ಇಲ್ಲಿ ಕಾನೂನಿಗೆ ವಿರುದ್ಧ. 1992ರ ಗ್ರಾಹಕ ಕಾಯ್ದೆ ಇದೆ, ಕೆಟ್ಟ ಸಾಮಾನಿಗೆ ದುಡ್ಡು ವಾಪಸ್ ಕೇಳಬಹುದು. ವ್ಯಾಪಾರ ಇಲಾಖೆಯ ಸಹಾಯವಾಣಿ 1384. ರಸೀದಿ ಮಾತ್ರ ಎಸೆಯಬೇಡಿ, ನಾನು ರಸೀದಿಗಳಲ್ಲಿ ಅರ್ಧದಷ್ಟು ಎಸೆದಿದ್ದೆ.

ಈಗ ಏನು ಮಾಡ್ತೀನಿ ಅಂದರೆ, ಬೇಳೆ ತಿಂಗಳಿಗೆ ಎರಡು ಕಿಲೋ ಅಷ್ಟೇ, ತಂದ ದಿನವೇ ಫ್ರೀಜರ್‌ಗೆ. ತರಕಾರಿಗೆ 'ಪಾಲೆಂಕೆ', ಅಂದರೆ ಇಲ್ಲಿಯ ಸಂತೆ ಮಾರ್ಕೆಟ್. ಅಲ್ಲಿ ಒಬ್ಬರ ಹತ್ತಿರವೇ ಕೊಂಡರೆ ನೀವು ಅವರ 'ಸುಕಿ' ಆಗ್ತೀರಿ. ನಮ್ಮ ಕಡೆ ಹಾಲಿನವರ ಹತ್ತಿರ ವರ್ತನೆ ಇರುತ್ತಲ್ಲ, ಹಾಗೆ. ಬದನೆ, ಹೀರೆ, ಹಾಗಲ, ಸೋರೆ, ಸೀಮೆ ಬದನೆ, ಬಾಳೆ ಹೂವು, ಎಲ್ಲ ಸಿಗುತ್ತೆ. ನುಗ್ಗೆ ಸೊಪ್ಪಂತೂ ಕೆಲವು ಸಲ ಪುಕ್ಕಟೆ. ಎಲೆಕೋಸು, ಕ್ಯಾರೆಟ್ ಹೆಚ್ಚಾಗಿ ಬರೋದು ಉತ್ತರದ ಬೆಂಗೆಟ್ ಬೆಟ್ಟಗಳಿಂದ. ಚಂಡಮಾರುತ ಬಂದು ರಸ್ತೆ ಕುಸಿದರೆ ಆ ವಾರ ಅವನ್ನು ಮರೆತುಬಿಡಿ. ತೂಕದ ಮೇಲೆ ಅನುಮಾನ ಬಂದರೆ ಮಾರ್ಕೆಟ್‌ನಲ್ಲೇ 'ತಿಂಬಾಂಗನ್ ನಂಗ್ ಬಾಯನ್' ಅಂತ ಸಾರ್ವಜನಿಕ ತಕ್ಕಡಿ ಎಲ್ಲಿದೆ ಅಂತ ಕೇಳಿ.

ಹಾಲಿನ ಪುಡಿ ಕೊಳ್ಳುವಾಗಲೂ ಸಣ್ಣಕ್ಷರ ಓದಿ. ಅಗ್ಗದ್ದರಲ್ಲಿ ಬೆಣ್ಣೆ ಅಂಶ ತೆಗೆದು ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಸೇರಿಸಿರುವುದು ಬೇಕಾದಷ್ಟಿದೆ. ಸಸ್ಯಾಹಾರಿಗಳಿಗೆ ಅದಕ್ಕಿಂತ ದೊಡ್ಡ ತಲೆನೋವು ಮೀನಿನ ಸಾಸ್. ಹೋಟೆಲಿನ ತರಕಾರಿ ಪಲ್ಯದಲ್ಲೂ ಇರಬಹುದು, ಕೇಳಿಯೇ ತಿನ್ನಿ.

ಆ ಅಂಗಡಿಗೆ ಇನ್ನೊಮ್ಮೆ ಹೋಗಿದ್ದೆ. 1384ಕ್ಕೆ ಫೋನ್ ಮಾಡ್ತೀನಿ ಅಂದಾಗ ಮಾಲೀಕರೇ ಒಳಗಿಂದ ಬಂದರು. ರಸೀದಿ ಇದ್ದಷ್ಟಕ್ಕೆ ದುಡ್ಡು ಕೊಡೋದಿಲ್ಲ, ಸಾಮಾನು ಬದಲಾಯಿಸಿ ಕೊಡ್ತೀನಿ ಅಂದರು. ಸರಿ ಅಂತ ಸಾಸಿವೆ, ಜೀರಿಗೆ, ಮೆಂತ್ಯ ಕೇಳಿದೆ. ತಂದು ಮೇಜಿನ ಮೇಲಿಟ್ಟರು. ಮೂರರ ಹಿಂದೆಯೂ ಅದೇ ಬಿಳಿ ಸ್ಟಿಕ್ಕರ್. ಅವರ ಮುಂದೆಯೇ ಉಗುರು ಹಾಕಿ ಕೆರೆಯೋಕೆ ಶುರು ಮಾಡಿದೆ. ಆಗ ದುಡ್ಡು ಕೊಟ್ಟರು.