ಮಳೆ ಇಲ್ಲವೋ, ಸುದ್ದಿ ಇಲ್ಲವೋ: ಒಂದೇ ಪರ್ಲ್ ಸರ್ವರ್ ನಾಲ್ಕು ಬಗೆಯಲ್ಲಿ ಬರೆದು ನೋಡಿದ್ದು

ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ ಒಂದು ಸಣ್ಣ ಲಿನಕ್ಸ್ ಮೆಷಿನ್ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಆಗುಂಬೆ ಕಡೆಯ ಅಡಿಕೆ ತೋಟಗಳಲ್ಲಿ ಇಟ್ಟ 60 ಮಳೆ ಡಬ್ಬಿಗಳು ಅದಕ್ಕೆ ಲೆಕ್ಕ ಕಳಿಸುತ್ತವೆ. ಆ ಲೆಕ್ಕ ತೆಗೆದುಕೊಳ್ಳುವ ಪ್ರೋಗ್ರಾಂ, ಅಂದರೆ ಸರ್ವರ್, ಪರ್ಲ್ ಎಂಬ ಭಾಷೆಯಲ್ಲಿದೆ. ಅದನ್ನೇ ನಾಲ್ಕು ಬಗೆಯಲ್ಲಿ ಬರೆದು ನೋಡಿದೆ. ಡಬ್ಬಿಯೊಳಗೆ ಒಂದು ಪುಟ್ಟ ಸೌಟು. 0.2 ಮಿಲಿಮೀಟರ್ ಮಳೆಗೆ ಅದು ಒಂದು ಸಲ ಮಗುಚುತ್ತದೆ. ಹತ್ತು ನಿಮಿಷಕ್ಕೊಮ್ಮೆ ಆ ಎಣಿಕೆ ಒಂದು ಸಾಲಾಗಿ ಮೊಬೈಲ್ ಸಿಮ್ ಮೂಲಕ ಬರುತ್ತದೆ. ಮಧ್ಯದಲ್ಲಿ ಕನೆಕ್ಷನ್ ತೆರೆದೇ ಇರುತ್ತದೆ.

ಇದನ್ನು ನೋಡುವವರು ಮನೆ ಒಂದೂರು, ತೋಟ ಇನ್ನೊಂದೂರು ಇರುವ ಬೆಳೆಗಾರರು. ಅವರಿಗೆ ಬೇಕಾದದ್ದು ಹೊಳವು, ಅಂದರೆ ಮಳೆ ಬಿಟ್ಟ ಹೊತ್ತು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಬೇಕಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲಸಿದ್ದನ್ನು ಅದೇ ದಿನ ಖಾಲಿ ಮಾಡಬೇಕು. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕ ದಿನ ಮಳೆ ಬಿಟ್ಟಿರಬೇಕು. ಹಾಗಾಗಿ ನನ್ನ ಸರ್ವರ್ ತೋರಿಸುವ ಸೊನ್ನೆಗೆ ತುಂಬ ಬೆಲೆ ಇದೆ. ಆ ಸೊನ್ನೆ ಮಳೆ ಇಲ್ಲದ ಸೊನ್ನೆಯೋ, ಡಬ್ಬಿಯಿಂದ ಸುದ್ದಿಯೇ ಬಾರದ ಸೊನ್ನೆಯೋ? ನಾಲ್ಕೂ ಬಗೆಗಳನ್ನು ನಾನು ಅಳೆದದ್ದು ಇದೊಂದೇ ಪ್ರಶ್ನೆಯಿಂದ. ವೇಗ ನನಗೆ ಮುಖ್ಯವೇ ಅಲ್ಲ.

ಮೊದಲು ಒಂದು ಮಾತು. ಸರ್ವರ್‌ನಲ್ಲಿ ಎರಡು ಜಾತಿಯ ಸಾಕೆಟ್, ಅಂದರೆ ನೆಟ್‌ವರ್ಕ್ ಮಾತುಕತೆಯ ತುದಿಗಳು, ಇರುತ್ತವೆ. ಲಿಸನಿಂಗ್ ಸಾಕೆಟ್ ಎಂದರೆ ನಮ್ಮ ಕಡೆಯ ಮನೆಗಳ ದಣಪೆ (ಅಂಗಳದ ಆಚೆಯ ಗೇಟು) ಇದ್ದ ಹಾಗೆ. ಬಂದವರು ಅಲ್ಲಿ ನಿಲ್ಲುತ್ತಾರೆ, ಮಾತುಕತೆ ಅಲ್ಲಿ ನಡೆಯುವುದಿಲ್ಲ. ಆಕ್ಸೆಪ್ಟ್ ಮಾಡಿದಾಗ, ಅಂದರೆ ಒಳಗೆ ಕರೆದಾಗ, ಹೊಸ ಸಾಕೆಟ್ ಒಂದು ಸಿಗುತ್ತದೆ, ಅದು ಜಗಲಿ. ಮಾತೆಲ್ಲ ಅಲ್ಲಿ. ದಣಪೆ ಯಾರ ಕೈಯಲ್ಲಿದೆ, ಜಗಲಿಯಿಂದ ಎದ್ದು ಹೋದವರನ್ನು ಯಾರು ಗಮನಿಸುತ್ತಾರೆ, ಇವೆರಡರಲ್ಲೇ ನಾಲ್ಕು ಬಗೆಗಳ ವ್ಯತ್ಯಾಸ ಇದೆ.

ಮೊದಲು ಬರೆದದ್ದು ಫೋರ್ಕ್. ಬಂದ ಪ್ರತಿ ಡಬ್ಬಿಗೂ ಒಂದು ಮರಿ ಪ್ರೊಸೆಸ್, ಅಂದರೆ ಓಡುತ್ತಿರುವ ಸರ್ವರ್‌ನದೇ ಇನ್ನೊಂದು ಪ್ರತಿ. ಬರೆಯಲು ಇದರಷ್ಟು ಸುಲಭವಾದದ್ದು ಇಲ್ಲ. ಮರಿಯೊಳಗೆ ನೇರವಾಗಿ ಸಾಲು ಓದು, ಡೇಟಾಬೇಸ್‌ಗೆ ಬರಿ, ಮುಗೀತು. ಒಂದು ಡಬ್ಬಿ ಅರ್ಧ ಸಾಲು ಕಳಿಸಿ ನಿಂತರೂ ಉಳಿದ 59ಕ್ಕೆ ಗೊತ್ತೇ ಆಗುವುದಿಲ್ಲ. ಡೇಟಾಬೇಸ್ ನಿಧಾನವಾದರೂ ಅಷ್ಟೇ.

ಆದರೆ ಪುಷ್ಯ ಮಳೆಯ ಒಂದು ದಿನ ಇದು ಕೈಕೊಟ್ಟಿತು. ಹೊಸನಗರ ಕಡೆ ಹಿಂದಿನ ದಿನ ಕರೆಂಟ್ ಹೋಗಿ, ಟವರ್ ಸತ್ತು, ಮತ್ತೆ ಬಂದಿತ್ತು. ಡಬ್ಬಿಗಳು ಹೊಸದಾಗಿ ಕನೆಕ್ಟ್ ಆದವು. ಪರದೆಯ ಮೇಲೆ ಬೆಳಿಗ್ಗೆಯಿಂದ ಸೊನ್ನೆ. ಶಿವಮೊಗ್ಗದಲ್ಲಿ ಇರುವ ಒಬ್ಬರು ಅದನ್ನು ನಂಬಿ ಆಳುಗಳನ್ನು ಕರೆದುಕೊಂಡು ಹೋದರು. ಹೋಗುವಷ್ಟರಲ್ಲಿ ತೋಟದ ಮನೆಯಲ್ಲಿ ಔಷಧಿ ಕಲಸಿ ಇಟ್ಟಿದ್ದರು. ಅಲ್ಲಿ ಮಳೆ ಬಿಟ್ಟೇ ಇರಲಿಲ್ಲ. ಒಂದು ಪೂರ್ತಿ ಬ್ಯಾರೆಲ್ ಔಷಧಿ ಹಾಳಾಯಿತು. ಅವರು ಫೋನ್ ಮಾಡಿ ಬೈಯಲಿಲ್ಲ, ಏನಾಯಿತು ಅಂತ ಮಾತ್ರ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಡುಕಿದಾಗ ಎರಡು ತಪ್ಪು ಸಿಕ್ಕವು, ಎರಡೂ ನನ್ನವೇ. ಮರಿ ಪ್ರೊಸೆಸ್ ಒಂದು ಮುಗಿದಾಗ ತಾಯಿಗೆ ಸಿಗ್ ಚೈಲ್ಡ್ ಸಿಗ್ನಲ್ ಬರುತ್ತದೆ. ಪರ್ಲ್ 5.8ರಿಂದ ಈಚೆಗೆ ಸಿಗ್ನಲ್ ಬಂದರೆ ಕಾಯುತ್ತಿದ್ದ ಆಕ್ಸೆಪ್ಟ್ ತಾನಾಗಿ ಮತ್ತೆ ಶುರುವಾಗುವುದಿಲ್ಲ, ಬರಿಗೈಯಲ್ಲಿ ವಾಪಸ್ ಬರುತ್ತದೆ. ನಾನು 'ಆಕ್ಸೆಪ್ಟ್ ಏನಾದರೂ ಕೊಡುತ್ತಿರುವಷ್ಟು ಕಾಲ ಸುತ್ತು' ಎಂದು ಲೂಪ್ ಬರೆದಿದ್ದೆ. ಮನೆಯಲ್ಲಿ ಪ್ರಯೋಗ ಮಾಡಿದಾಗ ಯಾವ ಡಬ್ಬಿಯೂ ಕನೆಕ್ಷನ್ ಮುಚ್ಚಿರಲಿಲ್ಲ, ಯಾವ ಮರಿಯೂ ಮುಗಿದಿರಲಿಲ್ಲ. ತೋಟದಲ್ಲಿ ಮೊದಲ ಮರಿ ಮುಗಿದಾಗಲೇ ಲೂಪ್ ನಿಂತು ತಾಯಿ ಸುಮ್ನೆ ಹೊರಟುಹೋಗಿತ್ತು. ದೋಷ EINTR (ಸಿಗ್ನಲ್ ಬಂದು ಅಡ್ಡಿಯಾಯಿತು ಎಂಬುದು) ಆಗಿದ್ದಾ ಎಂದು ನೋಡಿ ಮತ್ತೆ ಆಕ್ಸೆಪ್ಟ್‌ಗೆ ಹೋಗಬೇಕಿತ್ತು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಮರಿಗಳಲ್ಲಿ ಲಿಸನಿಂಗ್ ಸಾಕೆಟ್ ಮುಚ್ಚಿರಲಿಲ್ಲ. ತಾಯಿ ಹೋದ ಮೇಲೂ ಮರಿಗಳು ದಣಪೆಯನ್ನು ಹಿಡಿದೇ ಇದ್ದವು. ಪೋರ್ಟ್ ತೆರೆದಿದೆ, ಪರ್ಲ್ ಪ್ರೊಸೆಸ್‌ಗಳು ಓಡುತ್ತಿವೆ, ಹೊರಗಿನಿಂದ ನೋಡಿದರೆ ಎಲ್ಲ ಸರಿ. ಹೊಸ ಡಬ್ಬಿ ಬಂದಾಗ ಕರ್ನೆಲ್ (ಲಿನಕ್ಸ್‌ನ ತಿರುಳು) ತಾನೇ ಕೈಕುಲುಕಿ ಸರದಿಯಲ್ಲಿ ನಿಲ್ಲಿಸುತ್ತದೆ. ಡಬ್ಬಿ ತಾನು ಒಳಗೆ ಬಂದೆ ಎಂದುಕೊಂಡು ಮಳೆ ಲೆಕ್ಕ ಕಳಿಸುತ್ತಲೇ ಇರುತ್ತದೆ. ಕರೆದು ಕೂರಿಸುವವರು ಯಾರೂ ಇಲ್ಲ. ನನ್ನ ಸೊನ್ನೆ ಹುಟ್ಟಿದ್ದು ಅಲ್ಲಿ.

ಇದರ ಜೊತೆಗೆ ತಾಯಿ ಕೂಡ ಕ್ಲೈಂಟ್ ಸಾಕೆಟ್ ಬಿಟ್ಟುಕೊಡಬೇಕು. ಪರ್ಲ್‌ನಲ್ಲಿ 'ಮೈ' ಹಾಕಿದ ವೇರಿಯಬಲ್ ಲೂಪಿನ ಸುತ್ತು ಮುಗಿದಾಗ ತಾನೇ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಎಷ್ಟೋ ಜನ ಇದನ್ನು ಗಮನಿಸುವುದೇ ಇಲ್ಲ. ಲಾಗ್ ಬರೆಯಲೆಂದು ಅದನ್ನು ಹೆಸರು ಹಾಕಿ ವಸ್ತು ಇಡುವ ಪಟ್ಟಿಯಾದ ಒಂದು ಹ್ಯಾಶ್‌ನಲ್ಲಿ ಇಟ್ಟುಕೊಂಡರೆ ಮುಗೀತು, ಅದು ಎಂದೂ ಮುಚ್ಚುವುದಿಲ್ಲ. ಸಾಮಾನ್ಯವಾಗಿ ಒಂದು ಪ್ರೊಸೆಸ್‌ಗೆ ಇರುವ 1024 ಫೈಲ್‌ಗಳ ಮಿತಿ ತುಂಬಿದ ದಿನ ಆಕ್ಸೆಪ್ಟ್ ನಿಲ್ಲುತ್ತದೆ.

ಎರಡನೆಯದು ಐಒ::ಸೆಲೆಕ್ಟ್. ಒಂದೇ ಪ್ರೊಸೆಸ್, ದಣಪೆ ಮತ್ತು 60 ಜಗಲಿ ಎಲ್ಲ ಒಂದೇ ಪಟ್ಟಿಯಲ್ಲಿ. ಯಾರಲ್ಲಿ ಸದ್ದಾಯಿತೋ ಅವರ ಹತ್ತಿರ ಹೋಗು. ಪರ್ಲ್ ಜೊತೆಗೇ ಬರುವ ಮಾಡ್ಯೂಲ್ ಇದು, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಇಲ್ಲಿ ಕೈ ಸುಡುವ ಜಾಗ ಒಂದಿದೆ. ಸೆಲೆಕ್ಟ್ ಜೊತೆಗೆ ಸಾಲು ಓದುವ ಕೋನದ ಆವರಣ ಚಿಹ್ನೆಯನ್ನು (<>) ಬಳಸಲೇಬಾರದು. ಮೊಬೈಲ್ ಸಿಗ್ನಲ್ ಸರಿ ಇಲ್ಲದ ಕಡೆಯಿಂದ ಅರ್ಧ ಸಾಲು ಬರುವುದು ಮಲೆನಾಡಿನಲ್ಲಿ ದಿನದ ಮಾತು. ಉಳಿದರ್ಧಕ್ಕೆ ಕಾಯುತ್ತ ಇಡೀ ಸರ್ವರ್ ನಿಂತುಬಿಡುತ್ತದೆ. ಸಿಸ್‌ರೀಡ್‌ನಿಂದ ಸಿಕ್ಕಷ್ಟು ಓದಿ, ಪ್ರತಿ ಡಬ್ಬಿಗೂ ಒಂದು ಬಫರ್ (ತಾತ್ಕಾಲಿಕ ಜಾಗ) ಇಟ್ಟು, ಸಾಲು ಪೂರ್ತಿಯಾದಾಗ ಮಾತ್ರ ತೆಗೆದುಕೊಳ್ಳಬೇಕು. ಸಿಸ್‌ರೀಡ್ ಸೊನ್ನೆ ಕೊಟ್ಟರೆ ಆ ಕಡೆಯವರು ಮುಚ್ಚಿದ್ದಾರೆ ಎಂದರ್ಥ. ಆಗ ಮೊದಲು ಪಟ್ಟಿಯಿಂದ ತೆಗೆದು ಆಮೇಲೆ ಮುಚ್ಚಿ. ಮುಚ್ಚಿದ ಕನೆಕ್ಷನ್‌ಗೆ ಬರೆದಾಗ ಬರುವ ಸಿಗ್ ಪೈಪ್ ಸಿಗ್ನಲ್ಲನ್ನು ಇಗ್ನೋರ್ ಮಾಡುವುದನ್ನೂ ಮರೆಯಬೇಡಿ. ಹೋದವರಿಗೆ ಉತ್ತರ ಬರೆಯಲು ಹೋದರೆ ಫೋರ್ಕ್‌ನಲ್ಲಿ ಒಂದು ಮರಿ ಸಾಯುತ್ತದೆ, ಇಲ್ಲಿ ಎಲ್ಲರೂ ಒಟ್ಟಿಗೆ ಹೋಗುತ್ತಾರೆ.

ಆದರೆ ನನ್ನ ಪ್ರಶ್ನೆಗೆ ಮೊದಲ ಸಲ ಸರಿಯಾದ ಉತ್ತರ ಸಿಕ್ಕಿದ್ದು ಇದರಲ್ಲೇ. ಟವರ್ ಸತ್ತರೆ ಕನೆಕ್ಷನ್ ಮುಚ್ಚಿದ ಸುದ್ದಿ ನಮಗೆ ಬರುವುದಿಲ್ಲ. ಹೇಳಲು ಆ ಕಡೆ ಯಾರೂ ಇರುವುದಿಲ್ಲವಲ್ಲ. ಓದುತ್ತ ಕುಳಿತವರಿಗೆ ಅದು ದಿನಗಟ್ಟಲೆ ಜೀವಂತವಾಗಿಯೇ ಕಾಣುತ್ತದೆ. ಕೀಪ್‌ಅಲೈವ್ ಆನ್ ಮಾಡಿದರೆ ಸಾಕು ಎಂದುಕೊಂಡಿದ್ದೆ. ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಎಂದು ಕರ್ನೆಲ್ ವಿಚಾರಿಸುವ ಏರ್ಪಾಡು ಅದು. ಲಿನಕ್ಸ್‌ನಲ್ಲಿ ಅದು ಮೊದಲ ಸಲ ವಿಚಾರಿಸುವುದು 7200 ಸೆಕೆಂಡ್ ಆದ ಮೇಲೆ. ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಅಂದರೆ ಎರಡು ಗಂಟೆ 11 ನಿಮಿಷ. ಅಷ್ಟರಲ್ಲಿ ಬ್ಯಾರೆಲ್ ಕಲಸಿ ಆಗಿರುತ್ತದೆ. ಈ ಅಂಕಿಗಳನ್ನು ಸಾಕೆಟ್‌ನಿಂದ ಸಾಕೆಟ್‌ಗೆ ಬದಲಾಯಿಸಬಹುದು, ನಾನೂ ಬದಲಾಯಿಸಿದ್ದೇನೆ. ಐಒ::ಸಾಕೆಟ್‌ನ ಟೈಮ್‌ಔಟ್ ಆಯ್ಕೆಯನ್ನು ನಂಬಿ ಕೂರಬೇಡಿ, ಅದು ಕನೆಕ್ಟ್ ಮತ್ತು ಆಕ್ಸೆಪ್ಟ್‌ಗೆ ಮಾತ್ರ. ಓದುವುದಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಒಂದೇ ಪ್ರೊಸೆಸ್ ಆಗಿದ್ದರಿಂದ ಪ್ರತಿ ಡಬ್ಬಿ ಕೊನೆಗೆ ಮಾತಾಡಿದ ಹೊತ್ತನ್ನು ಒಂದೇ ಹ್ಯಾಶ್‌ನಲ್ಲಿ ಇಡಬಹುದು. ನಿಮಿಷಕ್ಕೊಮ್ಮೆ ಎಲ್ಲವನ್ನೂ ನೋಡಿ, 25 ನಿಮಿಷ ಮೌನವಾಗಿದ್ದರೆ ಮುಚ್ಚಿ, ಪರದೆಯಲ್ಲಿ 'ಸುದ್ದಿ ಇಲ್ಲ' ಎಂದು ಬರೆಯುತ್ತೇನೆ. ಅದೇ ಡಬ್ಬಿ ಹೊಸ ಕನೆಕ್ಷನ್‌ನಲ್ಲಿ ಬಂದರೆ ಹಳೆಯದನ್ನು ಆಗಲೇ ಮುಚ್ಚುತ್ತೇನೆ. ಫೋರ್ಕ್‌ನಲ್ಲಿ ಒಂದು ಮರಿಗೆ ಇನ್ನೊಂದರ ಸುದ್ದಿ ತಿಳಿಯುವುದಿಲ್ಲ, ಇಷ್ಟು ಮಾಡಲು ಅಲ್ಲಿ ಪ್ರೊಸೆಸ್‌ಗಳ ನಡುವೆ ಪೈಪ್ ಎಳೆಯಬೇಕಿತ್ತು. ಐಒ::ಸೆಲೆಕ್ಟ್‌ನ ಕೊರತೆ ಒಂದೇ. ಡೇಟಾಬೇಸ್ ಐದು ಸೆಕೆಂಡ್ ತಡ ಮಾಡಿದರೆ ಎಲ್ಲರೂ ಐದು ಸೆಕೆಂಡ್ ಕಾಯಬೇಕು.

ನೆಟ್::ಸರ್ವರ್‌ನ ಪ್ರೀಫೋರ್ಕ್ ಮೂರನೆಯದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ಮಾಡ್ಯೂಲ್, ನನ್ನ ಕೆಲಸಕ್ಕೆ ಆಗುವುದಲ್ಲ. ಮರಿಗಳನ್ನು ಮೊದಲೇ ಹುಟ್ಟಿಸಿ ಇಡುತ್ತದೆ. ನಾವೇನೂ ಹೇಳದಿದ್ದರೆ ಶುರುವಿಗೆ 5, ಜಾಸ್ತಿ ಎಂದರೆ 50. ನನ್ನ ಡಬ್ಬಿಗಳು 60, ಒಂದೂ ಎದ್ದು ಹೋಗುವುದಿಲ್ಲ. ಹತ್ತು ಡಬ್ಬಿಗಳು ದಣಪೆಯ ಹೊರಗೇ ನಿಂತವು, ಮತ್ತದೇ ಸುಳ್ಳು ಸೊನ್ನೆ. ಮಿತಿ ಏರಿಸಬಹುದು, ಆದರೆ ಬಂದು, ಹೇಳಿ, ಹೋಗುವವರಿಗಾಗಿ ಮಾಡಿದ ಏರ್ಪಾಡು ಅದು. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಹಪ್ ಸಿಗ್ನಲ್. ದಣಪೆ ಮುಚ್ಚದೆಯೇ ಸರ್ವರ್ ಹೊಸ ಕೋಡ್‌ನಿಂದ ಮತ್ತೆ ಶುರುವಾಗುತ್ತದೆ. ಬೆಳೆಗಾರರ ಮೊಬೈಲ್‌ಗೆ ಉತ್ತರ ಕೊಡುವ ಕೆಲಸವನ್ನು ಇದಕ್ಕೇ ಬಿಟ್ಟಿದ್ದೇನೆ.

ಕೊನೆಗೆ ಮೋಜೋ::ಐಒಲೂಪ್. ಸೆಲೆಕ್ಟ್‌ನಲ್ಲಿ ನಾನು ಕೈಯಾರೆ ಬರೆದದ್ದರಲ್ಲಿ ಅರ್ಧ ಇಲ್ಲಿ ಮೊದಲೇ ಇದೆ. ಶುರುವಿನಲ್ಲಿ ಗಾಬರಿಯಾಯಿತು, ಎಲ್ಲ ಡಬ್ಬಿಗಳೂ ಬಂದು ಬಂದು ಹೋಗುತ್ತಿದ್ದವು. ಸ್ಟ್ರೀಮ್, ಅಂದರೆ ಕನೆಕ್ಷನ್, ಒಂದು 15 ಸೆಕೆಂಡ್ ಸುಮ್ಮನಿದ್ದರೆ ತಾನೇ ಮುಚ್ಚುವುದು ಅದರ ಪದ್ಧತಿ. ಅದನ್ನು 1500 ಮಾಡಿದೆ. ನನ್ನ 25 ನಿಮಿಷದ ಲೆಕ್ಕಕ್ಕೆ ಒಂದೇ ಸಾಲು ಸಾಕಾಯಿತು! ನಿಧಾನದ ಡೇಟಾಬೇಸ್ ಕೆಲಸವನ್ನು ಸಬ್‌ಪ್ರೊಸೆಸ್‌ಗೆ ಕೊಟ್ಟರೆ ಉಳಿದವರು ಕಾಯಬೇಕಿಲ್ಲ.

ಯಾವುದನ್ನೇ ಬಳಸಿ, ದಣಪೆಯ ಹೊರಗಿನ ಜಾಗ ಮಾತ್ರ ದೊಡ್ಡದಿರಲಿ. ಹಳೆಯ ಉದಾಹರಣೆಗಳಲ್ಲಿ ಲಿಸನ್ 5, ಅಂದರೆ ಸರದಿಯಲ್ಲಿ ಐದೇ ಜಾಗ, ಎಂದಿರುತ್ತದೆ. ಆಗುಂಬೆ ಕಡೆ ಕರೆಂಟ್ ಬಂದ ಗಳಿಗೆಯಲ್ಲಿ ಎಲ್ಲ ಡಬ್ಬಿಗಳೂ ಒಟ್ಟಿಗೆ ಓಡಿ ಬರುತ್ತವೆ, ಐದು ಸಾಲದು. ಅದರ ಬದಲು ಸಿಸ್ಟಮ್ ಬಿಡುವ ಗರಿಷ್ಠ ಮಿತಿಯಾದ ಸೋಮ್ಯಾಕ್ಸ್‌ಕಾನ್ ಹಾಕಿ. ಲಿನಕ್ಸ್ 5.4ರಿಂದ ಆ ಮಿತಿ 128ರಿಂದ 4096ಕ್ಕೆ ಏರಿದೆ. ರೀಯೂಸ್‌ಅಡ್ರೆಸ್ ಕೂಡ ಹಾಕಿ. ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿದಾಗ ಹಳೆ ಕನೆಕ್ಷನ್‌ಗಳ ನೆರಳು ಹೋಗುವವರೆಗೆ, ಸುಮಾರು ಒಂದು ನಿಮಿಷ, ಪೋರ್ಟ್ ಸಿಗುವುದಿಲ್ಲ.

ಈಗ ಶಿವಮೊಗ್ಗದ ಮೆಷಿನ್‌ನಲ್ಲಿ ಮೋಜೋ ಓಡುತ್ತಿದೆ. ತೀರ್ಥಹಳ್ಳಿಯಲ್ಲಿ ಗೆಳೆಯರ ಮನೆಯಲ್ಲಿ ಇಟ್ಟ ಎರಡನೇ ಮೆಷಿನ್‌ಗೆ ಇಂಟರ್ನೆಟ್ ಆಗಾಗ ಮಾತ್ರ ಸಿಗುತ್ತದೆ, ಮಾಡ್ಯೂಲ್ ಇಳಿಸಿಕೊಳ್ಳುವುದು ಕಷ್ಟ. ಅಲ್ಲಿ ಐಒ::ಸೆಲೆಕ್ಟ್ ಇದೆ, ಎರಡು ಮಳೆಗಾಲ ತೊಂದರೆ ಕೊಟ್ಟಿಲ್ಲ. ಫೋರ್ಕ್ ತೆಗೆದುಬಿಟ್ಟೆ.

ಔಷಧಿ ಹಾಳಾಗಿದ್ದವರು ಈ ಸಲ ಆರಿದ್ರ ಮಳೆಯಲ್ಲಿ ಫೋನ್ ಮಾಡಿದ್ದರು. ಪರದೆಯಲ್ಲಿ 'ಸುದ್ದಿ ಇಲ್ಲ' ಎಂದಿತ್ತಂತೆ, ತೋಟದ ಪಕ್ಕದ ಮನೆಗೆ ಕರೆ ಮಾಡಿ ಕೇಳಿದರಂತೆ. ಹುಯ್ಯುತ್ತಾ ಇದೆ ಅಂದರಂತೆ. ಆಳುಗಳಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿದರು.