ಓಮರ್ ಹೆಚ್ಚೋ, ಬಬಲ್ಸ್ ಹೆಚ್ಚೋ?

ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಾ ನಾವು ಗೆಳೆಯರು ಜಾಸ್ತಿ ಜಗಳ ಆಡಿದ್ದು ಇದಕ್ಕೇ. ‘ದಿ ವೈರ್’ 2002ರಿಂದ 2008ರವರೆಗೆ ಬಂದ ಅಮೆರಿಕದ ಟಿವಿ ಧಾರಾವಾಹಿ, ಪೊಲೀಸರು ಮತ್ತು ಡ್ರಗ್ಸ್ ದಂಧೆಯ ಕಥೆ, ಒಟ್ಟು 60 ಕಂತು. ಓಮರ್, ಬಬಲ್ಸ್ ಅದರ ಪಾತ್ರಗಳು. ಹೊಸಬರು ಯಾರ ಬೆನ್ನು ಹಿಡಿದು ನೋಡಬೇಕು?

ಓಮರ್ ನೋಡಿದ ಕೂಡಲೇ ಹಿಡಿಸುತ್ತಾನೆ. ಕೈಯಲ್ಲಿ ಬಂದೂಕು, ಬಾಯಲ್ಲಿ ಸಿಳ್ಳೆ. ದೋಚುವುದು ಡ್ರಗ್ಸ್ ದಂಧೆಯವರನ್ನು ಮಾತ್ರ. ಮೈ ಜುಮ್ ಎನ್ನಬೇಕಿದ್ದರೆ ಇವನೇ ಸರಿ.

ನನಗೆ ಮಾತ್ರ ಬಬಲ್ಸ್. ಚಟಕ್ಕೆ ಬಿದ್ದವನು, ಪೊಲೀಸರಿಗೆ ಸುದ್ದಿ ಮುಟ್ಟಿಸುವವನು. ಟೋಪಿ ಮಾರುವವನ ಹಾಗೆ ಬಂದು, ದಂಧೆಯವರ ತಲೆ ಮೇಲೆ ಸುಮ್ನೆ ಒಂದು ಕೆಂಪು ಟೋಪಿ ಇಡುತ್ತಾನೆ. ಅದೇ ಗುರುತು. ಮಾಳಿಗೆ ಮೇಲಿಂದ ಪೊಲೀಸ್ ಕೀಮಾ ಫೋಟೊ ಹೊಡೆಯುತ್ತಾಳೆ. ಎಂಥ ತಲೆ ಅಲ್ವಾ! ಅವನು ಚಟ ಬಿಡಲು ಹೊರಟಾಗಲೆಲ್ಲ ನನ್ನ ಕರುಳು ಚುರ್ ಎನ್ನುತ್ತದೆ. 5 ಸೀಸನ್ ಪೂರ್ತಿ ನೋಡುವ ತಾಳ್ಮೆ ಇದ್ದರೆ ಬಬಲ್ಸ್ ಕೈ ಹಿಡಿಯಿರಿ.